ನಿನ್ನ ಹಾಗೇ ಇರಲಿ

"ಬಂದರಿಗೆ ಹೋಗೋ ದಾರಿ ಇದೇನಾ?" ಎಂದು ಕೇಳಿದೆ.

ಬೆಳಗಿನಿಂದ ಅದೇ ಪ್ರಶ್ನೆ. ಕೇಳಿದವರೆಲ್ಲ ಉತ್ತರ ಕೊಟ್ಟಿದ್ದರು, ಅದೇ ತೊಂದರೆಯಾಗಿತ್ತು. ಕುರಿ ಕಾಯುವವನು ಎಡಕ್ಕೆ ಅಂದ. ಎಡಕ್ಕೆ ಹೋದರೆ ಒಂದು ಬಾವಿ. ಬಾವಿಕಟ್ಟೆಯ ಮೇಲೆ ಕೂತಿದ್ದವಳು ಬಲಕ್ಕೆ ಅಂದಳು. ಬಲಕ್ಕೆ ಹೋದರೆ ಒಬ್ಬ ಮುದುಕ, "ಅಯ್ಯೋ, ಇಷ್ಟು ಹತ್ತಿರ ಬಂದು ಕೇಳ್ತೀರಲ್ಲಮ್ಮ, ಮೂಗಿನ ನೇರಕ್ಕೆ ಹೋಗಿ" ಎಂದು ಕೈ ಬೀಸಿ ಕಳಿಸಿದ. ಮೂಗಿನ ನೇರಕ್ಕೆ ನಡೆದು ನಡೆದು ಅದೇ ಬಾವಿಗೆ ಬಂದೆ. ಊರೂರು ಅಲೆದವಳು ನಾನು. ದಾರಿ ಗೊತ್ತಿಲ್ಲದವರು ಹೇಳುವಷ್ಟು ಧಾರಾಳವಾಗಿ ದಾರಿ ಗೊತ್ತಿದ್ದವರು ಹೇಳುವುದಿಲ್ಲ ಎಂಬುದು ನನಗೆ ಹೊಸದೇನಲ್ಲ. ಆದರೂ ಕೇಳುತ್ತೇನೆ. ಎಲೆ ಅಡಿಕೆಯಂತೆ ಅದೂ ಒಂದು ಚಟ.

ಈ ಸಲ ಕೇಳಿದ್ದು ಕವಲುದಾರಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಒಬ್ಬ ಹೆಂಗಸನ್ನು. ಅವಳು ತಲೆ ಎತ್ತಲಿಲ್ಲ. ನೆಲ ನೋಡುತ್ತಿದ್ದಳು.

"ಗೊತ್ತಿಲ್ಲ" ಅಂದಳು.

ನಾನು ಅಲ್ಲೇ ಕೂತುಬಿಟ್ಟೆ. ಆ ಸೀಮೆಗೆ ಕಾಲಿಟ್ಟ ಮೇಲೆ ನಂಬಬಹುದಾದ ಮೊದಲ ಮಾತು ಅದು.

"ನಿಮ್ಮ ಕಾಲಲ್ಲಿ ರಕ್ತ ಬರ್ತಿದೆ ಅಕ್ಕ."

"ಗೊತ್ತು."

"ಆಗಿನಿಂದ ಬರ್ತಿದೆ. ಈ ಕವಲಿಗೆ ನೀವು ಆಗಲೇ ಬಂದು ಹೋಗಿದ್ದೀರಿ. ಅಲ್ಲಿ ನೋಡಿ, ಇರುವೆ ಮುತ್ತಿದೆ. ಆಗ ನನ್ನನ್ನ ಕೇಳಲಿಲ್ಲ."

"ಕೂಗಿದೆನಲ್ಲ! ನೀನು ಮುಖ ಎತ್ತಲಿಲ್ಲ, ಕಿವುಡಿಯೇನೋ ಅಂದುಕೊಂಡೆ."

"ಎಲ್ಲರೂ ಹಾಗೇ ಅಂದ್ಕೋತಾರೆ. ನೀವು ಕೂಗಲಿಲ್ಲ, ಗೊಣಗಿದ್ರಿ. ನನ್ನ ಕಿವಿ ಕೇಳಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತೆ."

ಹೀಗೆ ಹೇಳಿ ತನ್ನ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಒಂದು ಚಿಂದಿ ಹರಿದಳು. ನನ್ನ ಕಾಲನ್ನು ತನ್ನ ಮಂಡಿಯ ಮೇಲೆ ಎಳೆದಿಟ್ಟುಕೊಂಡು ಬಿಗಿಯಾಗಿ ಕಟ್ಟಿದಳು. ಮುಖ ನೋಡಲಿಲ್ಲ. ನೋವಾಯಿತೇ ಎಂದು ಕೇಳಲಿಲ್ಲ. ನೋವಾಗದಂತೆ ಕಟ್ಟಿದಳು. ನಾನು ಸೊಂಟದ ಚೀಲಕ್ಕೆ ಕೈ ಹಾಕಿದೆ.

"ಅದು ಬೇಡ. ನಮ್ಮೂರಲ್ಲಿ ಚಿಂದಿ ತಗೊಂಡರೆ ಚಿಂದಿಯಲ್ಲೇ ತೀರಿಸಬೇಕು. ಅದರ ಜೊತೆ ಒಂದು ಮಾತೂ ಕೊಡಬೇಕು. ನೀವು ನನಗೆ ಒಂದು ಚಿಂದಿ ಸಾಲ."

"ಯಾವ ಮಾತು?"

"ಬನ್ನಿ. ನನಗೂ ಹೊರಗಿನ ಒಂದು ಕಿವಿ ಬೇಕಿತ್ತು. ದಾರಿ ತಪ್ಪಿದವರು ಯಾರಾದರೂ ಬರಲಿ ಅಂತಲೇ ಬೆಳಕು ಹರಿದಾಗಿಂದ ಇಲ್ಲಿ ಕೂತಿದ್ದೆ."

ದಾರಿ ತಪ್ಪಿದ್ದರಿಂದ ಒಬ್ಬರಿಗೆ ಉಪಯೋಗವಾಯಿತು ಎಂಬುದು ನನ್ನ ಜೀವಮಾನದಲ್ಲಿ ಅದೇ ಮೊದಲು. ಎದ್ದು ಕುಂಟುತ್ತ ಹಿಂದೆ ಹೊರಟೆ.

ದಾರಿಯಲ್ಲಿ ಆ ಊರಿನ ಕಟ್ಟಳೆ ಹೇಳಿದಳು. ಅವಳು ಹೇಳಿದ ಹಾಗೇ ಇಲ್ಲಿ ಹೇಳುತ್ತೇನೆ.

ಆ ಊರಲ್ಲಿ ಮಕ್ಕಳು ಹೊಟ್ಟೆಯಲ್ಲಿ ಬರುವುದಿಲ್ಲ. ಗಾಳಿಯಲ್ಲಿ ಬರುತ್ತಾರೆ. ಊರಾಚೆ ಎರಡು ಕಲ್ಲುಕಂಬಗಳಿವೆ, ಕಂಬಗಳ ಮೇಲೆ ಒಂದು ಅಡ್ಡಗಲ್ಲು. ಅದು ತೂಗುಗಂಬ. ಮಗು ಬೇಕಾದವಳು ಅದರ ಕೆಳಗೆ ನಿಲ್ಲಬೇಕು. ಪ್ರತಿ ಮನೆಯಿಂದ ಹಳೆಯ ಬಟ್ಟೆಯ ಒಂದು ಚಿಂದಿ ಬರಬೇಕು. ಹೊಸದು ಆಗದು. ಉಟ್ಟು, ಒಗೆದು, ಮೆತ್ತಗಾದದ್ದೇ ಬೇಕು. ಚಿಂದಿಗೆ ಚಿಂದಿ ಗಂಟು ಹಾಕಿ ಜೋಲಿ ಕಟ್ಟುತ್ತಾರೆ. ಗಂಟು ಹಾಕಿದವರು ಬೇಡಿದವಳ ಕಡೆ ತಿರುಗಿ "ನಿನ್ನ ಹಾಗೇ ಇರಲಿ" ಎನ್ನಬೇಕು. ಬೇರೆ ಹರಕೆಯಿಲ್ಲ. ರಾಜನ ಹಾಗಿರಲಿ ಎನ್ನುವಂತಿಲ್ಲ, ದೇವರ ಹಾಗಿರಲಿ ಎನ್ನುವಂತಿಲ್ಲ. ಕೊನೆಯ ಗಂಟು ಬೇಡಿದವಳ ತಾಯಿಯದು. ಹೊತ್ತು ಮುಳುಗುವುದರೊಳಗೆ ಎಲ್ಲ ಮನೆಯ ಗಂಟು ಬಿದ್ದು, ಎಲ್ಲ ಮನೆಯ ಮಾತು ಬಿದ್ದರೆ, ಗಾಳಿ ಬರುತ್ತದೆ. ಜೋಲಿ ಉಬ್ಬುತ್ತದೆ. ಒಳಗೆ ಮಗು ಇರುತ್ತದೆ. ಹೇಳಿದ ಹಾಗೇ ಇರುತ್ತದೆ. ನಡೆಯುವ ತನಕ ಹಗಲೆಲ್ಲ ಆ ಕಂಬದ ಜೋಲಿಯೇ ಅದರ ತೊಟ್ಟಿಲು.

"ಹೊರಗಿನ ಕಿವಿ ಯಾಕೆ?"

"ಹಿಂದೆ ಒಂದು ಮನೆಯವರು ಬಾಯಿ ಮಾತ್ರ ಆಡಿಸಿ ಸುಮ್ಮನಾಗಿದ್ದರಂತೆ. ಜೋಲಿ ಉಬ್ಬಿತು. ಮಗು ಬಂತು. ಅದು ನಗೋದು ಕಲಿತ ದಿನ ಆ ಗಂಟು ಬಿಚ್ಚಿಕೊಂಡಿತು. ಕೆಳಗೆ ಕಲ್ಲು. ಊರಿನವರ ಕಿವಿಗೆ ಊರಿನವರ ಮಾತು ಆಡದಿದ್ದರೂ ಕೇಳಿಸುತ್ತೆ. ಅದಕ್ಕೇ ಪರಕಿವಿ. ಕೇಳಿಸಿದರೆ ಕೇಳಿಸಿತು ಅನ್ನಬೇಕು. ಇಲ್ಲದಿದ್ದರೆ ಇಲ್ಲ."

ಕಥೆ ಅಂದುಕೊಂಡೆ. ನಾನು ಕಂಡ ಪ್ರತಿ ಊರಲ್ಲೂ ಬಿದ್ದ ಮಗುವಿನ ಒಂದು ಕಥೆ ಇರುತ್ತದೆ, ಅದನ್ನು ಹೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಇವಳು ತಗ್ಗಿಸಲಿಲ್ಲ.

"ಇವತ್ತು ಬೇಡೋಳು ನೀನೇನಾ? ಇಷ್ಟು ವರ್ಷ ಯಾಕೆ ಬೇಡಲಿಲ್ಲ?"

"ಪ್ರತಿ ಸುಗ್ಗಿ ಮುಗಿದ ಮೇಲೂ ಬೇಡಿದೆ. ಈ ಸಲ ಬೇಡ, ಮುಂದಿನ ಸಲ ನೋಡೋಣ ಅಂದರು. ಈ ವರ್ಷ ಅಂತೂ ಹೂಂ ಅಂದಿದ್ದಾರೆ. ನನ್ನ ಹಾಗೆ ಬಂದರೆ ಏನು ಗತಿ ಅಂತ ಅವರ ಚಿಂತೆ. ನಾನು ನೆಲ ನೋಡ್ತೀನಲ್ಲ."

"ನೆಲದಲ್ಲಿ ಅಂಥಾದ್ದೇನಿದೆ?"

ಅವಳು ನಿಂತಳು. ಹಾಗೆ ಕೇಳಿದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಒಂದು ಬಳೆ ಚೂರು ತೋರಿಸಿದಳು. ಅದರ ಹಸಿರು ಬೆಳಗ್ಗೆ ಒಂದು ಥರ, ಈಗ ಒಂದು ಥರ ಅಂದಳು. ಹುಳ ಹರಿದುಹೋದ ಗೆರೆ ತೋರಿಸಿದಳು. ಅದು ಎಲ್ಲಿ ಅನುಮಾನಿಸಿ ನಿಂತಿತು, ಎಲ್ಲಿ ಮನಸ್ಸು ಬದಲಾಯಿಸಿ ತಿರುಗಿತು ಎಂದು ತೋರಿಸಿದಳು. ಕುಂಟನೊಬ್ಬ ಹೋದ ಹೆಜ್ಜೆ, ಅವನ ಪಕ್ಕದಲ್ಲೇ ಬೇಕೆಂದೇ ನಿಧಾನವಾಗಿ ಹೋದ ಇನ್ನೊಬ್ಬನ ಹೆಜ್ಜೆ ತೋರಿಸಿದಳು. ಆ ದಾರಿಯಲ್ಲಿ ನಾನು ಎರಡು ಸಲ ನಡೆದಿದ್ದೆ. ಕಂಡದ್ದು ಧೂಳು.

ಊರು ಬಂತು. ಮಣ್ಣಿನ ಮನೆಗಳು, ತಗ್ಗು ಬಾಗಿಲುಗಳು, ಪ್ರತಿ ಬಾಗಿಲಲ್ಲೂ ಎತ್ತಿದ ಮುಖಗಳು. ತೂಗುಗಂಬದ ಬಳಿ ಜನ ಸೇರಿದ್ದರು. ಕಂಬಕ್ಕೆ ಒರಗಿ ಒಬ್ಬ ಗಂಡಸು ಕಣ್ಣು ಮುಚ್ಚಿ ಗುನುಗುತ್ತಿದ್ದ. ಹಾಡಲ್ಲ, ಒಂದೇ ಸ್ವರ, ಜೇನುಗೂಡಿನ ಹಾಗೆ. ಅವನು ಅವಳ ಗಂಡ. ಊರ ಹಬ್ಬದಲ್ಲಿ ನಗಾರಿ ಬಾರಿಸಿದಾಗ ಇಬ್ಬರೂ ಒಂದೇ ಬಣವೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತವರಂತೆ. ಅಲ್ಲಿಂದ ಆದ ಮದುವೆ.

"ಒಬ್ಬಳು ನೆಲ ನೋಡ್ತಾಳೆ, ಒಬ್ಬ ಗುನುಗ್ತಾನೆ. ಮಗು ಏನು ಮಾಡುತ್ತೋ?" ಎಂದಿತು ಗುಂಪಿನಿಂದ ಒಂದು ದನಿ.

"ನೆಲ ನೋಡ್ಕೊಂಡು ಗುನುಗುತ್ತೆ ಬಿಡು" ಎಂದಿತು ಇನ್ನೊಂದು.

ಎಲ್ಲರೂ ನಕ್ಕರು. ಒಬ್ಬ ಮುದುಕಿ ನಗುವುದು ಒಂದು ಗಳಿಗೆ ತಡವಾಯಿತು. ಅವಳೇ ನನಗೆ ಮಜ್ಜಿಗೆ ತಂದುಕೊಟ್ಟಳು. ತಲೆ ನೆಟ್ಟಗೆ ಎತ್ತಿ ನಡೆಯುವವಳು. ಆ ಊರಲ್ಲಿ ಅಷ್ಟು ನೆಟ್ಟಗಿನ ತಲೆ ಇನ್ನೊಂದಿರಲಿಲ್ಲ. "ದೂರದಿಂದ ಬಂದಿರಿ, ದಣಿದಿರಿ, ಕೂತ್ಕೊಳ್ಳಿ" ಎಂದು ನನ್ನ ಹುಬ್ಬುಗಳ ನಡುವೆ ನೋಡುತ್ತ ಹೇಳಿದಳು. ಪಾಠ ಒಪ್ಪಿಸಿದಷ್ಟು ಸ್ಪಷ್ಟವಾಗಿತ್ತು. ಗದ್ದದ ಕೆಳಗೆ ಒಂದು ಕಪ್ಪು ಗುರುತು, ಹಳೆಯದು. ನೆಲ ನೋಡುವವಳ ತಾಯಿ ಎಂದು ಯಾರೋ ಹೇಳಿದರು. ಕಿವಿ ಸ್ವಲ್ಪ ಮಂದವಿರಬೇಕು ಅಂದುಕೊಂಡೆ. ಒಂದೇ ದಿನದಲ್ಲಿ ತಾಯಿ ಮಗಳಿಬ್ಬರನ್ನೂ ಕಿವುಡು ಅಂದುಕೊಂಡವಳು ನಾನು.

ತೂಗುಗಂಬದ ಅಜ್ಜ ಬಂದ. ಆ ಕಂಬವನ್ನು ಕಾಯುವುದು, ಗಂಟು ಕಟ್ಟಿಸುವುದು ಅವನ ಕೆಲಸ. ಸಾಧು ಮನುಷ್ಯ.

"ಮಗಳೇ, ಕಟ್ಟಳೆ ಪ್ರಕಾರ ಕೇಳ್ತೀನಿ. ಬರೋ ಮಗು ನಿನ್ನ ಹಾಗಿರೋದಕ್ಕೆ ನಿನಗೆ ಒಪ್ಪಿಗೆಯಾ?"

ಎಲ್ಲ ಹೆಂಗಸರೂ ಇದಕ್ಕೆ ಯೋಚಿಸದೆ ಹೂಂ ಅನ್ನುತ್ತಾರಂತೆ. ನೆಲ ನೋಡುವವಳು ನೆಲ ನೋಡಿದಳು. ಯೋಚಿಸಿದಳು. ಜನ ಕಾಲು ಬದಲಾಯಿಸಿದರು.

"ಎಲ್ಲಾ ದಿನ ಒಪ್ಪಿಗೆಯಿಲ್ಲ" ಅಂದಳು. "ನಗಾರಿ ದಿನ ಬೇಡ ಅನ್ಸುತ್ತೆ. ಜಾತ್ರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಮೈಮೇಲೆ ಬಿದ್ದಾಗ ಬೇಡ ಅನ್ಸುತ್ತೆ. ಉಳಿದ ದಿನ ಒಪ್ಪಿಗೆ. ಇಲ್ಲದೇ ಇರೋದಕ್ಕಿಂತ ನನ್ನ ಹಾಗಿರೋದು ವಾಸಿ." ಆಮೇಲೆ ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ನಿಮ್ಮ ಹಾಗಿರೋದು ಎಲ್ಲಾ ದಿನ ಚೆನ್ನಾಗಿರುತ್ತಾ ಅಜ್ಜ?"

ಅಜ್ಜ ಕೆಮ್ಮಿದ. "ಗಂಟು ಶುರುವಾಗಲಿ" ಅಂದ.

ಮನೆಗಳು ಬಂದವು. ಒಂದೊಂದಾಗಿ ಬಂದವು. ಕೈಯಲ್ಲಿ ಚಿಂದಿ, ಬಾಯಲ್ಲಿ ಮಾತು. ಚಿಂದಿ ಸುಲಭವಾಗಿ ಬಂತು.

ಗಾಣದ ಮನೆಯವಳು "ನಿನ್ನ ಹಾಗೇ" ಎಂದವಳಿಗೆ ಕೆಮ್ಮು ಬಂತು. ನಾನು ಕೇಳಿಸಲಿಲ್ಲ ಅಂದೆ. ಮತ್ತೆ ಹೇಳಿದಳು, ಮತ್ತೆ ಕೆಮ್ಮು. ನೀರು ಕುಡಿಸಿ ಹೇಳಿಸಬೇಕಾಯಿತು. ಬಡಗಿಯ ಮನೆಯವನು "ನಿನ್ನ ಹಾಗೇ ಆರೋಗ್ಯವಾಗಿರಲಿ" ಅಂದ. ಅಜ್ಜ ತಲೆಯಾಡಿಸಿದ, ಸೇರಿಸುವಂತಿಲ್ಲ. ಒಬ್ಬಳು ಅಳುತ್ತ ಹೇಳಿದಳು. ಒಬ್ಬ ಆಕಾಶಕ್ಕೆ ಹೇಳಿದ. ಇವಳ ಕಡೆ ತಿರುಗಿ ಹೇಳು ಅಂದಾಗ, "ಅವಳೇನು ನನ್ನ ಕಡೆ ತಿರುಗಿದಾಳಾ?" ಅಂದ. ಅದೂ ನ್ಯಾಯವೇ.

ಮನೆ ತುಂಬ ಮಕ್ಕಳಿದ್ದವಳೊಬ್ಬಳು ಗಂಟು ಹಾಕದೆ ನಿಂತಳು. ಕೆಟ್ಟವಳಲ್ಲ. ನೆಲ ನೋಡುವವಳ ಬೆನ್ನು ಸವರಿ, "ಒಳ್ಳೇದಕ್ಕೇ ಹೇಳ್ತೀನಿ ತಂಗಿ, ಬೇಜಾರು ಮಾಡ್ಕೋಬೇಡ. ಮಗು ಅಂದರೆ ಅಳುತ್ತೆ ಕಣೇ. ರಾತ್ರಿಯೆಲ್ಲಾ ಅಳುತ್ತೆ. ಆಗ ನೀನು ಕಿವಿ ಮುಚ್ಕೊಂಡು ಮೂಲೇಲಿ ಕೂತರೆ ಅದರ ಗತಿ?" ಅಂದಳು.

ಬೆನ್ನು ಸವರಿದ್ದಕ್ಕೆ ನೆಲ ನೋಡುವವಳ ಭುಜ ನಡುಗಿತು. ಆದರೂ ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಅದರಲ್ಲಿ ಹತ್ತಿಯ ಉಂಡೆಗಳಿದ್ದವು.

"ಕಿವಿಗೆ ಕೈ ಹಿಡಿದರೆ ಮಗು ಎತ್ತಿಕೊಳ್ಳೋಕೆ ಆಗಲ್ಲ. ಅದಕ್ಕೆ ಹತ್ತಿ. ಎಣ್ಣೆ ಸವರಿ ನೋಡಿದ್ದೀನಿ. ಅಳು ಕೇಳಿಸುತ್ತೆ, ಚುಚ್ಚಲ್ಲ."

"ಈ ಸಣ್ಣವು?"

"ಅವು ಮಗುವಿಗೆ. ಬೇಕಾದರೆ."

ಮಕ್ಕಳವಳು ಆ ಸಣ್ಣ ಉಂಡೆಗಳನ್ನು ನೋಡಿದಳು. ಬಾಗಿ ಗಂಟು ಹಾಕಿದಳು. "ನಿನ್ನ ಹಾಗೇ ಇರಲಿ" ಅಂದಳು. ಆ ಒಂದು ಗಂಟು ನನಗೆ ಜೋರಾಗಿ ಕೇಳಿಸಿತು.

ಉಳಿದವರು ಯಾಕೆ ಹೇಳಿದರು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಯಾರೋ ಒಬ್ಬರು ಹೇಗೂ ಹೇಳುವುದಿಲ್ಲ, ಬೇಡ ಅಂದ ಪಾಪ ತನಗೇಕೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಆ ಯಾರೋ ಒಬ್ಬರಿಗಾಗಿ ಇಡೀ ಊರು ಕಾಯುತ್ತಿತ್ತು. ಗಂಟಿನ ಮೇಲೆ ಗಂಟು ಬಿತ್ತು. ಮಾತಿನ ಮೇಲೆ ಮಾತು ಬಿತ್ತು. ಆ ಯಾರೋ ಒಬ್ಬರು ಬರಲೇ ಇಲ್ಲ. ಹೊತ್ತು ಇಳಿಯಿತು. ಜೋಲಿ ಬೆಳೆಯಿತು. ಎಷ್ಟೋ ಬಣ್ಣದ್ದು, ಎಷ್ಟೋ ಬೆವರಿನದು, ಬಹಳ ಮೆತ್ತಗಿತ್ತು. ಗುನುಗುವವನು ಅದನ್ನು ಮುಟ್ಟಿ ಕಣ್ಣು ತೆರೆದ. ಅವನ ಸ್ವರ ಸ್ವಲ್ಪ ಮೇಲೇರಿತು. ಅವನಿಗೆ ಸಂತೋಷವಾದಾಗ ಹಾಗಾಗುತ್ತದೆ ಎಂದಳು ಹೆಂಡತಿ.

ತಾಯಿಯ ಗಂಟೊಂದು ಉಳಿಯಿತು.

ಮುದುಕಿ ತಲೆ ಎತ್ತಿ ನಡೆದು ಬಂದಳು. ಚಿಂದಿಯನ್ನು ಎದೆಗೊತ್ತಿಕೊಂಡಿದ್ದಳು. ಮಗಳು ಚಿಕ್ಕವಳಿದ್ದಾಗ ಹೊದೆಸುತ್ತಿದ್ದ ಕೌದಿಯಿಂದ ಹರಿದದ್ದು. ಗಂಟು ಹಾಕಿದಳು. ಮಗಳ ಕಡೆ ತಿರುಗಿದಳು. ತುಟಿ ಆಡಿತು.

ಏನೂ ಕೇಳಿಸಲಿಲ್ಲ. ಗುನುಗೂ ನಿಂತಿತ್ತು.

"ಪರಕಿವಿ ತಾಯಿ, ಕೇಳಿಸಿತಾ?" ಅಜ್ಜ ಕೇಳಿದ.

ನನ್ನ ಕಾಲಿಗೆ ಅವಳ ಸೆರಗಿತ್ತು. ನಾನು ಸುಳ್ಳಿಗೆ ಹೊಸಬಳಲ್ಲ. ಗಡಿ ದಾಟುವಾಗ ಹೇಳಿದ್ದೇನೆ, ಛತ್ರದಲ್ಲಿ ಜಾಗ ಸಿಗಲೆಂದು ಹೇಳಿದ್ದೇನೆ, ಇಲ್ಲದ ಗಂಡ ಮುಂದಿನ ಊರಲ್ಲಿ ಕಾಯುತ್ತಿದ್ದಾನೆಂದು ಎಷ್ಟು ಸಲ ಹೇಳಿದ್ದೇನೋ. ಆ ಸುಳ್ಳುಗಳೆಲ್ಲ ನನಗಾಗಿ. ಒಂದು ಸುಳ್ಳು ಇನ್ನೊಬ್ಬರಿಗಾಗಿ ಹೇಳಿದರೆ ಚಿಂದಿಯ ಸಾಲ ತೀರುತ್ತದೆ ಅಂದುಕೊಂಡೆ.

"ಕೇಳಿಸಿತು" ಅಂದೆ.

ಊರು ಉಸಿರು ಬಿಟ್ಟಿತು. ಗಾಳಿ ಬಂತು. ನಿಜವಾಗಿಯೂ ಬಂತು. ಹೊಲಗಳ ಮೇಲಿಂದ ಒಣಹುಲ್ಲಿನ ವಾಸನೆ ಹೊತ್ತು ಬಂದು ಕಂಬಗಳ ನಡುವೆ ನಿಂತಿತು. ಜೋಲಿ ನಿಧಾನವಾಗಿ ತುಂಬತೊಡಗಿತು, ಬಟ್ಟೆಯೊಳಗಿನಿಂದ ಒಂದು ಪುಟ್ಟ ಹಿಮ್ಮಡಿ ಒದ್ದಂತೆ ಒಂದು ಕಡೆ ಉಬ್ಬಿತು. ನಾನು ನೋಡಿದೆ. ಎಲ್ಲರೂ ನೋಡಿದರು.

"ಇಲ್ಲ" ಎಂದಳು ನೆಲ ನೋಡುವವಳು. "ಅವ್ವ ಹೇಳಲಿಲ್ಲ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕಲ್ಲು ಅಲ್ಲಿಲ್ಲ, ಇಲ್ಲಿದೆ ಎಂದು ನೆಲ ತೋರಿಸುವವರ ದನಿ.

ಜೋಲಿ ಇಳಿಯಿತು. ಗಾಳಿ ಹಿಂದೆ ಸರಿದು ಹೊಲದ ಬದುವಿನ ಬಳಿ ನಿಂತಿತು.

"ಅಯ್ಯೋ ಹುಚ್ಚಿ!" ಎಂದು ಮಕ್ಕಳವಳು ಹಣೆ ಬಡಿದುಕೊಂಡಳು. "ಬರ್ತಿತ್ತಲ್ಲೇ! ಕಾಲು ಕಾಣ್ತಿತ್ತಲ್ಲೇ! ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ವಾ ನಿನಗೆ?"

"ಹೇಳದ ಗಂಟು ಬಿಚ್ಚುತ್ತೆ. ಇವತ್ತಲ್ಲ. ಮಗು ಒಳಗಿರುವಾಗ ಬಿಚ್ಚುತ್ತೆ." ಅವಳು ಜೋಲಿಯ ಕೆಳಗಿನ ಬಂಡೆಗೆ ಬೆರಳು ತೋರಿಸಿದಳು. "ನನ್ನ ಮಗು ಅಲ್ಲಿ ಬೀಳಬಾರದು."

ಆಮೇಲೆ ನನಗೆ ಹೇಳಿದಳು: "ನೀವು ಗೊತ್ತಿಲ್ಲದ ದಾರಿ ಹೇಳಿದ್ರಿ ಅಕ್ಕ."

ಆ ಮಾತು ಇನ್ನೂ ನನ್ನ ಹತ್ತಿರ ಇದೆ. ಎಷ್ಟೋ ಸಾಮಾನು ಎಷ್ಟೋ ಊರಲ್ಲಿ ಬಿಟ್ಟು ಬಂದಿದ್ದೇನೆ, ಇದನ್ನು ಬಿಡಲಾಗಿಲ್ಲ.

"ಅವ್ವ, ಹೊತ್ತು ಇನ್ನೂ ಇದೆ" ಎಂದಳು ಅವಳು. "ಈಗ ಹೇಳು."

ಮುದುಕಿ ಹೇಳಲಿಲ್ಲ. ಅಜ್ಜ ಮೆಲ್ಲಗೆ, "ಹೇಳಿಬಿಡು ತಾಯಿ. ನಾವೆಲ್ಲ ಹೇಳಿದೆವಲ್ಲ. ನಿನ್ನ ಮಗಳಲ್ವಾ?" ಅಂದ.

"ನನ್ನ ಮಗಳು, ಅದಕ್ಕೇ" ಎಂದಳು ಮುದುಕಿ. "ನೀವೆಲ್ಲ ಯಾಕೆ ಹೇಳಿದಿರಿ ಅಂತ ಗೊತ್ತು ನನಗೆ. ನಾನು ಹೇಳಲ್ಲ ಅಂತ ನಂಬಿಕೊಂಡು ಹೇಳಿದಿರಿ."

ಬಡಗಿಯ ಮನೆಯವನು ಹೊತ್ತು ಎಲ್ಲಿದೆ ಎಂದು ತಿರುಗಿ ನೋಡಿದ.

"ಹೊಳೆಯಾಚೆಯಿಂದ ಬಂದ ಇವಳಪ್ಪನ ರಕ್ತ" ಎಂದು ಯಾರೋ ಗೊಣಗಿದರು. "ಅವನಿಂದಲೇ ಬಂದದ್ದು ಈ ದೋಷ. ಈ ತಾಯಿ ಏನು ಮಾಡ್ತಾಳೆ? ಇವಳ ಜೋಲಿಗೆ ನಾವು ಸರಿಯಾಗೇ ಹೇಳಿದ್ವಿ. ಗಾಳಿ ತಪ್ಪಿತು."

ಮುದುಕಿ ಆ ದನಿಯ ಕಡೆ ತಿರುಗಿದಳು. ಹುಬ್ಬುಗಳ ನಡುವೆ ನೋಡಿದಳು.

"ಗಾಳಿ ತಪ್ಪಲಿಲ್ಲ. ನೀವು ನನಗೆ 'ನಿನ್ನ ಹಾಗೇ ಇರಲಿ' ಅಂದಿರಿ. ಹಾಗೇ ಬಂತು."

ಜನಕ್ಕೆ ಅರ್ಥವಾಗಲಿಲ್ಲ. ಅವಳು ತಲೆಯನ್ನು ಇನ್ನೂ ಹಿಂದಕ್ಕೆ ಬಾಗಿಸಿ ಗದ್ದದ ಕೆಳಗಿನ ಗುರುತು ತೋರಿಸಿದಳು.

"ನನ್ನವ್ವ ಬೇವಿನ ಕಡ್ಡಿ ಚೂಪಾಗಿ ಕೆತ್ತಿ ಇಲ್ಲಿ ಕಟ್ತಿದ್ದಳು. ತಲೆ ತಗ್ಗಿಸಿದರೆ ಚುಚ್ಚುತ್ತೆ. ಉಣ್ಣೋವಾಗಲೂ ಇರೋದು, ನೀರಿಗೆ ಹೋಗೋವಾಗಲೂ ಇರೋದು. ಹುಬ್ಬಿನ ನಡುವೆ ನೋಡು, ಅವರಿಗೆ ಗೊತ್ತಾಗಲ್ಲ ಅಂದಳು. ಎಲ್ಲರೂ ನಕ್ಕ ಮೇಲೆ ನಗು ಅಂದಳು. ಕಲಿತೆ. ನಗಾರಿ ದಿನ ನಿಮ್ಮ ಜೊತೆ ನಿಂತು ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಕಣಜದೊಳಗೆ ಇಳಿದು ಕೂರ್ತಿದ್ದೆ. ಇವಳ ಅಪ್ಪನಿಗೆ ಗೊತ್ತಿತ್ತು. ಕಣಜದ ಬಾಯಿಗೆ ಕಂಬಳಿ ಮುಚ್ಚಿ ಹೊರಗೆ ಕೂರೋನು. ನೀವು ಅವನ ರಕ್ತ ಅಂದಾಗ ಸುಮ್ಮನಿದ್ದ. ಸಾಯೋವರೆಗೂ ಸುಮ್ಮನಿದ್ದ. ನಾನೂ ಸುಮ್ಮನಿದ್ದೆ."

ಊರು ಅವಳನ್ನು ನೋಡಿತು. ಜೀವಮಾನವೆಲ್ಲ ನೋಡಿದ ಮುಖವನ್ನು ಈಗ ತಾನೇ ಕಂಡಂತೆ ನೋಡಿತು. ಆ ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ಕೈ ತನ್ನಷ್ಟಕ್ಕೆ ಮೇಲೆದ್ದು ತನ್ನದೇ ಗದ್ದದ ಕೆಳಗೆ ಹೋಗಿ ನಿಂತಿತು. ಗಾಣದ ಮನೆಯವಳದು. ಆಕಾಶಕ್ಕೆ ಹೇಳಿದವನದು. ಪಕ್ಕದವರು ನೋಡುವ ಮೊದಲೇ ಇಳಿಯಿತು.

"ಇವಳಿಗೆ ಕಡ್ಡಿ ಕಟ್ಟೋಕೆ ನನಗೆ ಕೈ ಬರಲಿಲ್ಲ" ಎಂದಳು ಮುದುಕಿ. "ಅದಕ್ಕೇ ಇವಳು ನೆಲ ನೋಡ್ತಾಳೆ. ಅದಕ್ಕೇ ನೀವು ನಗ್ತೀರಿ."

"ಹಾಗಾದರೆ ನಾನೂ ಕಟ್ಟಲ್ಲ ಅವ್ವ. ಹೇಳು."

"ನೀನು ಕಟ್ಟಲ್ಲ ಕಂದಾ. ಊರು ಕಟ್ಟುತ್ತೆ. ನಾನು ಇರಲ್ಲ. ಒಂದು ದಿನ ನೀನೂ ಇರಲ್ಲ. ಅದೊಂದೇ ಈ ಮುಖಗಳ ನಡುವೆ ನಿಂತಿರುತ್ತೆ. ಯಾರು ಕಂಬಳಿ ಮುಚ್ಚುತ್ತಾರೆ? ಮಾತು ಬಾಯಿಗೆ ಬರುತ್ತೆ ಮಗಳೇ. ಬಂದಾಗ ಇಲ್ಲಿ ಕಡ್ಡಿ ಚುಚ್ಚುತ್ತೆ."

ನೆಲ ನೋಡುವವಳು ಆಗ ತಲೆ ಎತ್ತಿದಳು. ನಾನು ನೋಡಿದಂತೆ ಅದೊಂದೇ ಸಲ. ತಾಯಿಯ ಮುಖ ನೋಡಲಿಲ್ಲ. ಗದ್ದದ ಕೆಳಗೆ ನೋಡಿದಳು, ಹತ್ತಿರ ಬಂದು, ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ನೋಡಿದಳು.

"ಇಲ್ಲಿ ಕಡ್ಡಿ ಇಲ್ಲ ಅವ್ವ" ಅಂದಳು. "ಬರೀ ಗುರುತು."

ಮುದುಕಿಯ ತಲೆ ನಿಧಾನವಾಗಿ ಬಾಗಿತು. ಹೂವು ಬಾಡಿದ ಹಾಗಲ್ಲ, ಹೊರೆ ಇಳಿಸಿದ ಹಾಗೆ. ಅವಳೂ ನೆಲ ನೋಡಿದಳು. ತಾಯಿ ಮಗಳು ಪಕ್ಕಪಕ್ಕದಲ್ಲಿ ನಿಂತು ಒಂದೇ ಜಾಗ ನೋಡಿದರು. ಇಬ್ಬರ ಬೈತಲೆಯೂ ಒಂದೇ ಕಡೆಗೆ ಸೊಟ್ಟಗಿತ್ತು.

"ಇಲ್ಲೊಂದು ಬಳೆ ಚೂರು" ಎಂದಳು ಮುದುಕಿ.

"ಹೂಂ. ಹಸಿರು."

"ಬೆಳಗ್ಗೆ ಬೇರೆ ಥರ ಕಾಣುತ್ತೆ."

"ಹೂಂ."

ಈಗ ಹೇಳುತ್ತಾಳೆ ಅಂದುಕೊಂಡೆ. ಎಲ್ಲರೂ ಅಂದುಕೊಂಡರು. ಬದುವಿನ ಬಳಿ ಗಾಳಿಯೂ ಕಿವಿ ನಿಮಿರಿಸಿತ್ತು. ಹೊತ್ತು ಕಂಬದ ನಡುವಿಗೆ ಬಂತು, ಕಂಬದ ಬುಡಕ್ಕೆ ಬಂತು. ಮುದುಕಿಯ ತುಟಿ ಆಡಿತು. ಮತ್ತೆ ಆಡಿತು. ಕಣ್ಣಿಂದ ನೀರು ನೆಲಕ್ಕೆ ಬಿತ್ತು. ಮಾತು ಬೀಳಲಿಲ್ಲ.

ಹೊತ್ತು ಮುಳುಗಿತು.

"ಆಯಿತು" ಎಂದ ಅಜ್ಜ. ಅವನ ದನಿಯಲ್ಲಿ ದುಃಖವಿತ್ತು. ಅದರ ಕೆಳಗೆ ನೆಮ್ಮದಿಯೂ ಇತ್ತು. ಕೇಳಿಸಿತು, ನಾನು ಪರಕಿವಿಯಲ್ಲವೇ.

ತುಂಬದ ಜೋಲಿಯ ಚಿಂದಿಗಳನ್ನು ಹಾಗೇ ಬಿಡುವಂತಿಲ್ಲ. ಮನೆಮನೆಯವರೂ ಬಂದು ತಮ್ಮ ತಮ್ಮ ಚಿಂದಿ ಬಿಚ್ಚಿಕೊಂಡು ಹೋಗಬೇಕು. ಬಂದರು. ಗಂಟುಗಳು ಬಿಗಿದುಹೋಗಿದ್ದವು. ಅವರ ಉಗುರಿಗೆ ಬರಲಿಲ್ಲ. ನೆಲ ನೋಡುವವಳೇ ಬಿಚ್ಚಿಕೊಟ್ಟಳು. ಒಂದೊಂದಾಗಿ ಬಿಚ್ಚಿ, ಮಡಿಸಿ, ಯಾರದು ಯಾರಿಗೆ ಎಂದು ತಪ್ಪಿಲ್ಲದೆ ಕೊಟ್ಟಳು. ಕೆಲವರು, "ಮುಂದಿನ ಸುಗ್ಗಿಗೆ ನೋಡೋಣ ಬಿಡು" ಅಂದರು. ಮಕ್ಕಳವಳು ತನ್ನದನ್ನು ಇಸಿದುಕೊಳ್ಳದೆ ನಿಂತಳು. ಅಜ್ಜ ಕಟ್ಟಳೆ ಎಂದ. ಇಸಿದುಕೊಂಡಳು.

ಹೋಗುವಾಗ ಎಲ್ಲರೂ ನನಗೆ ಬಂದರಿನ ದಾರಿ ಹೇಳಿದರು. ಬಹಳ ಪ್ರೀತಿಯಿಂದ ಹೇಳಿದರು. ಒಬ್ಬ ಪೂರ್ವಕ್ಕೆ ಕೈ ತೋರಿಸಿದ, ಒಬ್ಬಳು ಗುಡ್ಡದ ಕಡೆಗೆ, ಅಜ್ಜ ಮೂಗಿನ ನೇರಕ್ಕೆ.

ಮುದುಕಿ ಕೊನೆಗೆ ತನ್ನ ಕೌದಿಯ ಚೂರು ತೆಗೆದುಕೊಂಡು ಹೊರಟಳು. ನಾಲ್ಕು ಹೆಜ್ಜೆ ತಲೆ ತಗ್ಗಿಸಿಯೇ ನಡೆದಳು. ಮೊದಲ ಮನೆ ಹತ್ತಿರ ಬಂದಾಗ ತಲೆ ತಾನಾಗಿ ಮೇಲೆದ್ದು ನೆಟ್ಟಗಾಯಿತು.

ಕಂಬದ ಬಳಿ ನಾವು ಮೂವರು ಉಳಿದೆವು. ಗುನುಗುವವನು ಬಂಡೆಯ ಮೇಲೆ ಕೂತು ಗುನುಗುತ್ತಿದ್ದ, ಸ್ವರ ಮೊದಲಿನ ಜಾಗಕ್ಕೆ ಇಳಿದಿತ್ತು. ಅವಳು ಸೆರಗಿನ ತುದಿ ಬಿಚ್ಚಿ ಹತ್ತಿಯ ಸಣ್ಣ ಉಂಡೆಗಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಎಸೆಯುತ್ತಾಳೆ ಅಂದುಕೊಂಡೆ. ಮತ್ತೆ ಕಟ್ಟಿಕೊಂಡಳು.

ನಾನು ನನ್ನ ಸೀರೆಯ ಅಂಚಿಗೆ ಹಲ್ಲು ಹಾಕಿದೆ. ಎಷ್ಟೋ ನದಿಗಳಲ್ಲಿ ಒಗೆದ ಸೀರೆ, ಸುಲಭವಾಗಿ ಹರಿಯಿತು.

"ಪರಕಿವಿಯ ಗಂಟು ಲೆಕ್ಕಕ್ಕಿಲ್ಲ" ಎಂದಳು ಅವಳು. "ನಿಮಗೆ ಇಲ್ಲಿ ಮನೆ ಇಲ್ಲ. ಒಂದು ಚಿಂದಿಯಲ್ಲಿ ಮಗು ನಿಲ್ಲಲ್ಲ."

"ಗೊತ್ತು. ಸಾಲ ಇದೆಯಲ್ಲ."

ಬರಿದಾದ ಅಡ್ಡಗಲ್ಲಿಗೆ ಕೈ ಚಾಚಿ ಗಂಟು ಹಾಕಿದೆ. ಅವಳ ಕಡೆ ತಿರುಗಿದೆ. ಹೇಳುವ ಮೊದಲು ನನ್ನನ್ನೇ ಕೇಳಿಕೊಂಡೆ. ಬಣವೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತದ್ದನ್ನು ನೆನೆದೆ, ಬೇವಿನ ಕಡ್ಡಿಯನ್ನು ನೆನೆದೆ, ಅವುಗಳ ಪಕ್ಕದಲ್ಲಿ ಗೊತ್ತಿಲ್ಲ ಎಂಬ ಆ ಒಂದು ಮಾತನ್ನು ಇಟ್ಟು ನೋಡಿದೆ. ಅವಳು ಅವಸರ ಮಾಡಲಿಲ್ಲ. ನೆಲ ನೋಡುತ್ತ ಕಾದಳು.

"ನಿನ್ನ ಹಾಗೇ ಇರಲಿ" ಅಂದೆ.

ಬದುವಿನಿಂದ ಗಾಳಿ ಎದ್ದು ಬಂತು. ಚಿಂದಿಯನ್ನು ಎತ್ತಿತು, ಅದರ ಕೆಳಗೆ ತಡಕಿತು, ತುಂಬುವುದಕ್ಕೆ ಏನೂ ಸಿಗದೆ ಆಚೆಗೆ ಹೋಯಿತು.

ಅವಳು ಕೈ ಎತ್ತಿ ಗಂಟನ್ನು ಜಗ್ಗಿ ನೋಡಿದಳು. ಇನ್ನೊಮ್ಮೆ ಜಗ್ಗಿದಳು. ಬಿಚ್ಚಲಿಲ್ಲ.

"ತೀರಿತು" ಅಂದಳು.